ಟೊಕೆಲಾವ್: ಡೀಸೆಲ್ ಡ್ರಮ್ಮಿನಿಂದ ಸೋಲಾರ್ ಕಡೆಗೆ – ಪದೇ ಪದೇ ಕೇಳುವ ಪ್ರಶ್ನೆಗಳು

"ಜಗತ್ತಿನಲ್ಲಿ ಮೊದಲು ಪೂರ್ತಿ ಸೋಲಾರ್ ಕರೆಂಟಿಗೆ ಬದಲಾದ ನಾಡು ಯಾವುದು?" ಈ ಕ್ವಿಜ್ ಪ್ರಶ್ನೆಗೆ ಉತ್ತರ ಟೊಕೆಲಾವ್. ಆದರೆ ಆ ಒಂದು ಸಾಲಿನಲ್ಲಿ ಅರ್ಧ ಕಥೆ ಮಾತ್ರ ಇದೆ. ಸೋಲಾರ್ ಹಲಗೆ (ಪ್ಯಾನೆಲ್) ಹಾಕಿದ್ದು 2012ರಲ್ಲಿ. ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಈ ವಿಷಯ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಟೊಕೆಲಾವ್ ಎಲ್ಲಿದೆ? ಹೆಸರೇ ಕೇಳಿಲ್ಲವಲ್ಲ!

ದಕ್ಷಿಣ ಪೆಸಿಫಿಕ್ ಸಾಗರದಲ್ಲಿ, ಸಮೋವಾ ದೇಶದಿಂದ ಉತ್ತರಕ್ಕೆ ಸುಮಾರು 500 ಕಿ.ಮೀ. ದೂರದಲ್ಲಿದೆ. ಅತಾಫು, ನುಕುನೊನು, ಫಕಾಓಫೊ ಎಂಬ ಮೂರು ಹವಳದ ದ್ವೀಪಗಳು. ಒಂದೊಂದೂ ಉಂಗುರದ ಆಕಾರದಲ್ಲಿದೆ. ನಡುವೆ ತಿಳಿನೀರು, ಸುತ್ತಲೂ ಸಣ್ಣ ಸಣ್ಣ ನೆಲದ ತುಂಡುಗಳು. ಮೂರೂ ಸೇರಿದರೆ ನೆಲ ಸುಮಾರು 12 ಚದರ ಕಿ.ಮೀ. ಸಮುದ್ರಮಟ್ಟದಿಂದ ಎತ್ತರ ಮೂರರಿಂದ ಐದು ಮೀಟರ್. ಜನಸಂಖ್ಯೆ 2016ರ ಗಣತಿಯಂತೆ 1,499.

ವಿಮಾನ ನಿಲ್ದಾಣ ಇಲ್ಲ. ಬಂದರು ಕೂಡ ಇಲ್ಲ. ಸಮೋವಾದ ರಾಜಧಾನಿ ಅಪಿಯಾದಿಂದ ಹಡಗು ಹತ್ತಿದರೆ ಒಂದು ದಿನಕ್ಕೂ ಜಾಸ್ತಿ ಪ್ರಯಾಣ. ಮುಂದಿನ ಉತ್ತರಗಳಲ್ಲಿ ಈ ಹಡಗು ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಅದು ಸ್ವತಂತ್ರ ದೇಶವಾ?

ಇಲ್ಲ. ನ್ಯೂಜಿಲೆಂಡಿಗೆ ಸೇರಿದ ನಾಡು, ಆದರೆ ದಿನದಿನದ ಆಡಳಿತ ಅವರದ್ದೇ. ಪ್ರತಿ ದ್ವೀಪದಲ್ಲೂ ತೌಪುಲೆಂಗ ಎಂಬ ಹಿರಿಯರ ಸಭೆ ಇದೆ. ಊರಿನ ದೊಡ್ಡ ತೀರ್ಮಾನಗಳೆಲ್ಲ ಅಲ್ಲೇ. ಇಡೀ ನಾಡಿನ ಮುಖ್ಯಸ್ಥರನ್ನು ಉಲು ಎನ್ನುತ್ತಾರೆ. ಆ ಹುದ್ದೆ ವರ್ಷಕ್ಕೊಮ್ಮೆ ಮೂರು ದ್ವೀಪಗಳ ನಾಯಕರ ನಡುವೆ ಸುತ್ತುತ್ತದೆ.

ನ್ಯೂಜಿಲೆಂಡಿನ ಜೊತೆಗಿನ ಸಂಬಂಧ ಬದಲಿಸಿ ಸ್ವಂತ ಆಡಳಿತಕ್ಕೆ ಹೋಗಬೇಕಾ ಎಂದು 2006 ಮತ್ತು 2007ರಲ್ಲಿ ಜನಮತ ಕೇಳಿದರು. ಮೂರನೇ ಎರಡರಷ್ಟು ಮತ ಬೇಕಿತ್ತು. ಎರಡನೇ ಸಲ ಬರೀ 16 ಮತ ಕಡಿಮೆ ಬಿತ್ತು! ಹಾಗಾಗಿ ಇದ್ದ ಹಾಗೇ ಉಳಿಯಿತು. ಸೋಲಾರ್‌ಗೆ ದುಡ್ಡು ನ್ಯೂಜಿಲೆಂಡಿನಿಂದ ಬಂದದ್ದಕ್ಕೂ ಈ ಸಂಬಂಧವೇ ಕಾರಣ.

ಸೋಲಾರ್ ಬರುವ ಮುಂಚೆ ಕರೆಂಟ್ ಹೇಗೆ ಬರುತ್ತಿತ್ತು?

ಡೀಸೆಲ್ ಜನರೇಟರ್. ಪ್ರತಿ ದ್ವೀಪವೂ ದಿನಕ್ಕೆ ಸುಮಾರು 200 ಲೀಟರ್ ಸುಡುತ್ತಿತ್ತು. ಮೂರೂ ಸೇರಿ ವರ್ಷಕ್ಕೆ ಎರಡು ಲಕ್ಷ ಲೀಟರಿಗೂ ಮೇಲೆ. ಆದರೂ 24 ತಾಸು ಕರೆಂಟ್ ಇರಲಿಲ್ಲ. ದಿನಕ್ಕೆ 15ರಿಂದ 18 ತಾಸು ಓಡಿಸಿ, ರಾತ್ರಿ ಆರಿಸುತ್ತಿದ್ದರು. ಫ್ರಿಜ್‌ನಲ್ಲಿಟ್ಟ ಮೀನು ಬೆಳಗಾಗುವಷ್ಟರಲ್ಲಿ ಮೆತ್ತಗಾಗುತ್ತದೆ ಅಂದುಕೊಂಡೇ ಬದುಕಬೇಕಿತ್ತು.

ಡೀಸೆಲ್‌ನ ಬೆಲೆಗಿಂತ ಅದನ್ನು ತರುವ ಕಷ್ಟ ದೊಡ್ಡದು. ಹಡಗು ಹವಳದ ದಿಬ್ಬದ ಆಚೆಯೇ ನಿಲ್ಲಬೇಕು. ಅಲ್ಲಿಂದ ಡ್ರಮ್ಮುಗಳನ್ನು ಸಣ್ಣ ದೋಣಿಗೆ ಇಳಿಸಿ, ಹವಳ ಒಡೆದು ಮಾಡಿದ ಕಿರಿದಾದ ಕಾಲುವೆಯಲ್ಲಿ ದಡಕ್ಕೆ ತರಬೇಕು. ಒಂದು ಡ್ರಮ್ ಜಾರಿ ಬಿದ್ದು ಒಡೆದರೆ ಎಣ್ಣೆ ಹೋಗುವುದು ಊರಿಗೆ ಊಟ ಕೊಡುವ ನೀರಿಗೆ. ಸಮುದ್ರ ಕೆರಳಿ ಹಡಗು ತಡವಾದರೆ ಕರೆಂಟೂ ತಡ.

ಸೋಲಾರ್‌ಗೆ ಹೋಗೋಣ ಅಂತ ತೀರ್ಮಾನಿಸಿದ್ದು ಯಾವಾಗ?

ಆಲೋಚನೆ ಹಳೆಯದು. 2004ರಲ್ಲೇ ಟೊಕೆಲಾವ್ ತನ್ನದೊಂದು ಇಂಧನ ನೀತಿ ಮಾಡಿಕೊಂಡಿತ್ತು. 2011ರ ಕೊನೆಗೆ ಡರ್ಬನ್ನಿನ ಹವಾಮಾನ ಸಮ್ಮೇಳನದ ಹೊತ್ತಿಗೆ, ಆಗ ಉಲು ಆಗಿದ್ದ ಫೋವಾ ತೊಲೋವಾ ಅವರು ಡೀಸೆಲ್ ಬಿಡುವ ಮಾತನ್ನು ಬಹಿರಂಗವಾಗಿಯೇ ಹೇಳಿದರು. ಮರುವರ್ಷವೇ ಕೆಲಸ ಮುಗಿಯಿತು. 2012ರ ಆಗಸ್ಟ್‌ನಲ್ಲಿ ಮೊದಲು ಫಕಾಓಫೊ, ಆಮೇಲೆ ನುಕುನೊನು, ವರ್ಷ ಮುಗಿಯುವ ಮುಂಚೆ ಅತಾಫು.

ಅದೇ 2011 ಅವರಿಗೆ ಬೇರೆ ರೀತಿಯಲ್ಲೂ ಮರೆಯಲಾಗದ ವರ್ಷ. ಅಕ್ಟೋಬರ್‌ನಲ್ಲಿ ಮಳೆ ಕೈಕೊಟ್ಟು ಕುಡಿಯುವ ನೀರಿಗೇ ತತ್ವಾರ ಬಂದು, ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಹಡಗಿನಲ್ಲಿ ನೀರು ಬಂತು. ಸುತ್ತ ಸಮುದ್ರ ಇದ್ದೂ ಕುಡಿಯಲು ನೀರಿಲ್ಲ ಅನ್ನುವಾಗ ಉಪ್ಪುನೀರು ಸಿಹಿ ಮಾಡುವ ಯಂತ್ರ ಬೇಕು, ಅದಕ್ಕೆ ಕರೆಂಟ್ ಬೇಕು, ಆ ಕರೆಂಟಿಗೆ ಮತ್ತೆ ಡೀಸೆಲ್. ಈ ಸುತ್ತು ಗೊತ್ತಾದವರಿಗೆ ಸೋಲಾರ್ ಬರೀ ಪರಿಸರದ ಮಾತಾಗಿ ಕಾಣುವುದಿಲ್ಲ.

 

ಏನೇನು ಹಾಕಿದರು?

ಮೂರೂ ದ್ವೀಪಗಳಿಗೆ ಸೇರಿಸಿ 4,032 ಸೋಲಾರ್ ಹಲಗೆ, 392 ಇನ್ವರ್ಟರ್ (ಹಲಗೆ, ಬ್ಯಾಟರಿಯ ಡಿಸಿ ಕರೆಂಟನ್ನು ಮನೆ ಬಳಕೆಯ ಎಸಿಗೆ ಬದಲಿಸುವ ಪೆಟ್ಟಿಗೆ), 1,344 ಸೀಸದ ಬ್ಯಾಟರಿ. ಒಟ್ಟು ಸಾಮರ್ಥ್ಯ ಸುಮಾರು 1 ಮೆಗಾವ್ಯಾಟ್. ಕೆಲಸ ಮಾಡಿದ್ದು ನ್ಯೂಜಿಲೆಂಡಿನ ಪವರ್‌ಸ್ಮಾರ್ಟ್ ಎಂಬ ಕಂಪನಿ, ಊರಿನವರ ಕೈಜೋಡಣೆಯೊಂದಿಗೆ. ಪ್ರತಿ ಊರಿನಲ್ಲೂ ಔಮಾಂಗ ಎಂಬ ಗಂಡಸರ ದುಡಿಮೆಯ ತಂಡ ಇರುತ್ತದೆ. ಹಿರಿಯರ ಸಭೆ ಹೇಳಿದ ಕೆಲಸಕ್ಕೆ ಇಳಿಯುವುದು ಆ ತಂಡ.

1 ಮೆಗಾವ್ಯಾಟ್ ಅಂದರೆ ಎಷ್ಟು? ನಮ್ಮ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್. ಅದು ಹರಡಿರುವುದು ಸುಮಾರು 13,000 ಎಕರೆಯಲ್ಲಿ. ಟೊಕೆಲಾವ್‌ನ ಒಟ್ಟು ನೆಲವೇ ಸುಮಾರು 3,000 ಎಕರೆ. ಅಂದರೆ ಪಾವಗಡದ ಪಾರ್ಕಿನೊಳಗೆ ನಾಲ್ಕು ಟೊಕೆಲಾವ್ ಹಿಡಿಸುತ್ತವೆ! ಅದಕ್ಕೇ "ಅದೇನು ಮಹಾ, ಒಂದು ಮೆಗಾವ್ಯಾಟ್" ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಪಾವಗಡದಲ್ಲಿ ಮೋಡ ಮುಸುಕಿದರೆ ರಾಯಚೂರೋ ಶರಾವತಿಯೋ ಕೈಹಿಡಿಯುತ್ತದೆ. ಟೊಕೆಲಾವ್‌ನಲ್ಲಿ ಕೈಹಿಡಿಯಲು ಯಾರೂ ಇಲ್ಲ. ಪಕ್ಕದ ದ್ವೀಪಕ್ಕೂ ತಂತಿ ಇಲ್ಲ. ಮೂರು ದ್ವೀಪ ಎಂದರೆ ಮೂರು ಬೇರೆ ಬೇರೆ ಗ್ರಿಡ್ (ಕರೆಂಟಿನ ಜಾಲ).

ಇಷ್ಟೆಲ್ಲ ಸಾಮಾನು ಅಲ್ಲಿಗೆ ಸಾಗಿಸಿದ್ದು ಹೇಗೆ?

ಇಡೀ ಯೋಜನೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಸೋಲಾರ್ ಹಲಗೆ ಜೋಡಿಸುವುದು ಇವತ್ತು ದೊಡ್ಡ ವಿದ್ಯೆ ಅಲ್ಲ. ಬೆಟ್ಟದ ಮೇಲಿನ ಶಾಲೆಗೂ ನಮ್ಮೂರಿನ ಹುಡುಗರು ಅರ್ಧ ದಿನದಲ್ಲಿ ಜೋಡಿಸಿ ಬರುತ್ತಾರೆ. ಆದರೆ ಒಂದು ಬ್ಯಾಟರಿಯ ತೂಕ 250 ಕಿಲೋ ಎಂದು ಇಟ್ಟುಕೊಳ್ಳಿ. 1,344 ಬ್ಯಾಟರಿ ಎಂದರೆ 336 ಟನ್. ಬರೀ ಬ್ಯಾಟರಿ ಇಷ್ಟು. ಹಲಗೆ, ಕಬ್ಬಿಣ, ಕಾಂಕ್ರೀಟಿನ ಸಿಮೆಂಟು, ಕೇಬಲ್ ಎಲ್ಲ ಬೇರೆ.

ನ್ಯೂಜಿಲೆಂಡಿನಿಂದ ಸಮೋವಾ, ಸಮೋವಾದಿಂದ ಟೊಕೆಲಾವ್. ಅಲ್ಲಿ ಕ್ರೇನ್ ಇರುವ ಧಕ್ಕೆ ಇಲ್ಲ. ಹಡಗು ತೇಲುತ್ತಾ ನಿಂತಿರುತ್ತದೆ. ಅಲೆ ಏರಿದಾಗ ಒಂದು ಲೆಕ್ಕ, ಇಳಿದಾಗ ಒಂದು ಲೆಕ್ಕ. ಆ ಹೊಯ್ದಾಟದಲ್ಲೇ ಕಾಲು ಟನ್ನಿನ ಒಂದೊಂದು ಬ್ಯಾಟರಿಯನ್ನು ಹಡಗಿನಿಂದ ಚಪ್ಪಟೆ ದೋಣಿಗೆ ಇಳಿಸಬೇಕು. ದೋಣಿಯವನು ಅಲೆಯ ಸರದಿ ನೋಡಿಕೊಂಡು ಹವಳದ ಕಾಲುವೆಯೊಳಗೆ ನುಗ್ಗಿಸಬೇಕು. ಕಾಲುವೆಯ ಎರಡೂ ಬದಿಯಲ್ಲಿ ಚೂಪಾದ ಹವಳ. ಅಲ್ಲಿ ಒಂದು ಕ್ಷಣ ತಡಮಾಡಿದರೆ ದೋಣಿ ಅಡ್ಡ ತಿರುಗುತ್ತದೆ. ದಡ ಮುಟ್ಟಿದ ಮೇಲೆ ಮರಳಿನಲ್ಲಿ ಎಳೆದುಕೊಂಡು ಹೋಗುವ ಕೆಲಸ ಬಾಕಿ.

ಒಂದು ನಟ್ಟು ಮರೆತು ಬಂದರೂ ಓಡಿ ಹೋಗಿ ತರಲು ಎದುರು ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಲ್ಲ. ಮುಂದಿನ ಹಡಗಿನ ತನಕ ಕಾಯಬೇಕು. ಇಂಥ ಜಾಗದಲ್ಲಿ ಮೂರು ಸ್ಥಾವರವನ್ನು ಕೆಲವೇ ತಿಂಗಳಲ್ಲಿ ಮುಗಿಸಿದ್ದು ಸಣ್ಣ ಮಾತಲ್ಲ.

ರಾತ್ರಿ ಕರೆಂಟ್ ಎಲ್ಲಿಂದ?

ಬ್ಯಾಟರಿಯಿಂದ. ಆದರೆ ವಿವರ ತಿಳಿದುಕೊಳ್ಳುವಂಥದ್ದು.

ಟೊಕೆಲಾವ್ ಭೂಮಧ್ಯರೇಖೆಗೆ ಹತ್ತಿರ, 8ರಿಂದ 10 ಡಿಗ್ರಿ ದಕ್ಷಿಣದಲ್ಲಿದೆ. ಹಾಗಾಗಿ ವರ್ಷವಿಡೀ ಹಗಲು ಸುಮಾರು 12 ತಾಸು. ನಾರ್ವೆಯ ಥರ ಚಳಿಗಾಲದ ಕತ್ತಲೆಯ ತಲೆನೋವು ಇಲ್ಲ. ಒಂದು ರಾತ್ರಿಗೆ ಆಗುವಷ್ಟು, ಜೊತೆಗೆ ಸ್ವಲ್ಪ ಮೋಡಕ್ಕೆ ಆಗುವಷ್ಟು ಕೂಡಿಟ್ಟರೆ ಸಾಕು.

ಬೆಳಗ್ಗೆ ಹಲಗೆಗಳು ಎದ್ದು ಮೊದಲು ಊರಿನ ಬಳಕೆಯನ್ನು ಹೊರುತ್ತವೆ. ಮಿಕ್ಕಿದ್ದು ಬ್ಯಾಟರಿಗೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ತುಂಬುತ್ತಾ ಬರುತ್ತದೆ. ಸಂಜೆ ಆರರ ಸುಮಾರಿಗೆ ಸೂರ್ಯ ದಡಕ್ಕನೆ ಮುಳುಗುತ್ತಾನೆ, ಅಲ್ಲಿ ಮುಸ್ಸಂಜೆ ಹೆಚ್ಚು ಹೊತ್ತು ಇರುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಮನೆಮನೆಯಲ್ಲಿ ದೀಪ, ಟಿವಿ, ಫ್ಯಾನ್ ಹೊತ್ತಿಕೊಳ್ಳುತ್ತವೆ. ಉತ್ಪಾದನೆ ಸೊನ್ನೆ, ಬಳಕೆ ಏರುಮುಖ. ಸೋಲಾರ್ ಜಗತ್ತಿನ ಎಲ್ಲ ಕಡೆಯೂ ಇರುವ ಗೋಳು ಇದು, ದ್ವೀಪದಲ್ಲಿ ಇನ್ನೂ ಎದ್ದು ಕಾಣುತ್ತದೆ.

ಬಳಕೆ ಎಷ್ಟು ಅಂತೀರಾ? ಒಂದು ಲೀಟರ್ ಡೀಸೆಲ್‌ಗೆ ಅಂದಾಜು 3 ಯೂನಿಟ್ ಎಂದು ಲೆಕ್ಕ ಹಾಕಿದರೆ, ಹಳೆಯ ಡೀಸೆಲ್ ಕಾಲದಲ್ಲಿ ಮೂರೂ ದ್ವೀಪಕ್ಕೆ ದಿನಕ್ಕೆ ಸುಮಾರು 1,800 ಯೂನಿಟ್ ಆಗುತ್ತದೆ. ತಲೆಗೆ ಸುಮಾರು ಒಂದೂಕಾಲು ಯೂನಿಟ್. ಐದು ಜನರ ಮನೆಗೆ ತಿಂಗಳಿಗೆ ಹೆಚ್ಚುಕಡಿಮೆ ನಮ್ಮ ಗೃಹಜ್ಯೋತಿಯ 200 ಯೂನಿಟ್ ಮಿತಿಯಷ್ಟೇ. ಅದರಲ್ಲೇ ಶಾಲೆ, ಆಸ್ಪತ್ರೆ, ಅಂಗಡಿಯ ಪಾಲೂ ಸೇರಿದೆ ಎಂದು ನೆನಪಿರಲಿ.

ಬ್ಯಾಟರಿ ತುಂಬಿದ ಮೇಲೂ ಬಿಸಿಲಿದ್ದರೆ? ಆ ಕರೆಂಟ್ ಎಲ್ಲಿ ಹೋಗುತ್ತದೆ?

ಎಲ್ಲೂ ಹೋಗುವುದಿಲ್ಲ, ಹುಟ್ಟುವುದೇ ಇಲ್ಲ. ಇದರ ಹಿಂದೆ ಒಂದು ಚಂದದ ಉಪಾಯ ಇದೆ.

ಬ್ಯಾಟರಿಗೆ ಕೂಡಿಸಿದ ಇನ್ವರ್ಟರ್‌ಗಳೇ ಇಂಥ ಗ್ರಿಡ್‌ನ ಯಜಮಾನರು. ವೋಲ್ಟೇಜ್ ಎಷ್ಟಿರಬೇಕು, ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡಬೇಕು (ಅದೇ ಆವರ್ತನ) ಎಂದು ನಿರ್ಧರಿಸುವುದು ಅವು. ಮಾಮೂಲಿ 50 ಹರ್ಟ್ಸ್. ಬ್ಯಾಟರಿ ತುಂಬಿದಾಗ ಯಜಮಾನ ಇನ್ವರ್ಟರ್ ಈ ಆವರ್ತನವನ್ನು ಬೇಕಂತಲೇ ಸ್ವಲ್ಪ ಏರಿಸುತ್ತದೆ. ಹಲಗೆಗಳ ಇನ್ವರ್ಟರ್‌ಗಳು ಅದನ್ನು ಗಮನಿಸಿ ತಮ್ಮ ಉತ್ಪಾದನೆ ತಗ್ಗಿಸುತ್ತವೆ. ಬೇರೆ ಸಂದೇಶದ ತಂತಿ ಬೇಡ, ಇಂಟರ್ನೆಟ್ ಬೇಡ. ಕರೆಂಟಿನ ತಂತಿಯೇ ಸುದ್ದಿ ಮುಟ್ಟಿಸುತ್ತದೆ. ಮನೆಯ ಫ್ಯಾನಿಗೂ ಬಲ್ಬಿಗೂ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಹಾಗಾದರೆ ನಮ್ಮ ಮನೆ ಮೇಲಿನ ಸೋಲಾರ್ ಕರೆಂಟ್ ಹೋದಾಗ ಯಾಕೆ ಸುಮ್ಮನಾಗುತ್ತದೆ?

ಒಳ್ಳೆಯ ಪ್ರಶ್ನೆ. ಬೆಂಗಳೂರಿನಲ್ಲಿ ಹೊಸದಾಗಿ ಸೋಲಾರ್ ಹಾಕಿಸಿದವರಿಗೆ ಮೊದಲ ಪವರ್‌ಕಟ್‌ನಲ್ಲೇ ಎದುರಾಗುವ ಆಘಾತ ಇದು. ಮಟಮಟ ಮಧ್ಯಾಹ್ನ, ತಲೆ ಮೇಲೆ ಹಲಗೆ ಇದೆ, ಮನೆಯಲ್ಲಿ ಫ್ಯಾನ್ ತಿರುಗುತ್ತಿಲ್ಲ!

ಬೆಸ್ಕಾಂ ಗ್ರಿಡ್‌ಗೆ ಕೂಡಿಸಿದ ಮಾಮೂಲಿ ಇನ್ವರ್ಟರ್ ಹಿಂಬಾಲಕ ಜಾತಿಯದು. ಗ್ರಿಡ್‌ನ ತಾಳ ಕೇಳಿಸಿದರೆ ಮಾತ್ರ ಕೆಲಸ ಮಾಡುತ್ತದೆ. ತಾಳ ನಿಂತರೆ ತಾನೂ ನಿಲ್ಲುತ್ತದೆ. ಹೀಗೆ ನಿಲ್ಲಬೇಕೆಂಬುದು ಸುರಕ್ಷತೆಯ ನಿಯಮ ಕೂಡ. ಇಲ್ಲದಿದ್ದರೆ ಲೈನ್ ಸತ್ತಿದೆ ಎಂದುಕೊಂಡು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯುತ್ತದೆ. ಟೊಕೆಲಾವ್‌ನಲ್ಲಿ ಹಿಂಬಾಲಿಸಲು ದೊಡ್ಡ ಗ್ರಿಡ್ ಇಲ್ಲ, ಅದಕ್ಕೇ ಬ್ಯಾಟರಿಯ ಇನ್ವರ್ಟರ್ ತಾನೇ ತಾಳ ಹಾಕುತ್ತದೆ. ನಿಮಗೂ ಅದೇ ಬೇಕಿದ್ದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಖರ್ಚು ಜಾಸ್ತಿ. ದಿನಕ್ಕೆ ಅರ್ಧ ತಾಸು ಕರೆಂಟ್ ಹೋಗುವ ಮನೆಗೆ ಅದು ಬೇಕಾ ಎಂದು ನೀವೇ ಲೆಕ್ಕ ಹಾಕಿ.

ವಾರಗಟ್ಟಲೆ ಮೋಡ ಮುಸುಕಿದರೆ ಏನು ಗತಿ?

ಜನರೇಟರ್. ಅದನ್ನು ಕಿತ್ತು ಬಿಸಾಡಲಿಲ್ಲ, ಇಟ್ಟುಕೊಂಡಿದ್ದಾರೆ. ಬ್ಯಾಟರಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಜನರೇಟರ್ ಶುರುವಾಗಿ, ಊರಿಗೂ ಕರೆಂಟ್ ಕೊಟ್ಟು ಬ್ಯಾಟರಿಯನ್ನೂ ತುಂಬಿಸುತ್ತದೆ. ಸೀಸದ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿದರೆ ಅದರ ಆಯಸ್ಸು ಸುಟ್ಟುಹೋಗುತ್ತದೆ, ಅದಕ್ಕೇ ಈ ಎಚ್ಚರ.

ಮೊದಲ ಯೋಜನೆಯಲ್ಲಿ ಸೋಲಾರ್‌ನಿಂದ ಸುಮಾರು 90 ಭಾಗ, ಮಿಕ್ಕಿದ್ದು ತೆಂಗಿನೆಣ್ಣೆಯಿಂದ ಓಡುವ ಜನರೇಟರ್‌ನಿಂದ ಎಂದಿತ್ತು. ತೆಂಗಿನ ಮರಕ್ಕಂತೂ ಅಲ್ಲಿ ಬರವಿಲ್ಲ. ತೆಂಗಿನೆಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡುತ್ತದೆ ಎಂಬುದೂ ನಿಜ. ಆದರೆ ಕಾಯಿ ಕೀಳಬೇಕು, ಸುಲಿಯಬೇಕು, ಒಣಗಿಸಬೇಕು, ಗಾಣಕ್ಕೆ ಹಾಕಬೇಕು, ಸೋಸಬೇಕು. ನಮ್ಮ ತಿಪಟೂರಿನವರಿಗೆ ಕೊಬ್ಬರಿಯ ಕೆಲಸ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ದುಡಿಯುವ ವಯಸ್ಸಿನವರಲ್ಲಿ ಬಹಳ ಜನ ನ್ಯೂಜಿಲೆಂಡಿಗೆ ಹೋಗಿರುವ ನಾಡಿನಲ್ಲಿ ಇಷ್ಟೆಲ್ಲ ಮಾಡುವವರು ಯಾರು? ಸುದ್ದಿಯಲ್ಲಿ ತೆಂಗಿನೆಣ್ಣೆ ಮಿಂಚಿತು, ನೆಲದಲ್ಲಿ ಮೀಸಲು ಕೆಲಸಕ್ಕೆ ಡೀಸೆಲ್ಲೇ ಉಳಿಯಿತು.

ಗಾಳಿಯಂತ್ರ ಯಾಕೆ ಹಾಕಲಿಲ್ಲ?

ತಿರುಗುವ ಯಂತ್ರಕ್ಕೆ ಉಪ್ಪುಗಾಳಿ ಶತ್ರು. ಕೆಟ್ಟರೆ ಎತ್ತರದಿಂದ ಇಳಿಸಲು ಕ್ರೇನ್ ಬೇಕು, ಕ್ರೇನ್ ಹಡಗಿನಲ್ಲಿ ಬರಬೇಕು. ಮೇಲೆ ಚಂಡಮಾರುತದ ಭಯ. ಹಲಗೆಯಲ್ಲಿ ತಿರುಗುವ ಭಾಗವೇ ಇಲ್ಲ.

ಒಟ್ಟು ಖರ್ಚು ಎಷ್ಟಾಯಿತು? ಲಾಭ ಬಂತಾ?

ನ್ಯೂಜಿಲೆಂಡ್ ಮುಂಗಡವಾಗಿ ಕೊಟ್ಟದ್ದು ಸುಮಾರು 70 ಲಕ್ಷ ನ್ಯೂಜಿಲೆಂಡ್ ಡಾಲರ್. ಆಗ ಇಂಧನಕ್ಕೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಆಸುಪಾಸು ಹೋಗುತ್ತಿತ್ತು ಎಂದು ವರದಿಯಾಗಿತ್ತು. ಆ ದುಡ್ಡು ಉಳಿದರೆ ಶಾಲೆಗೆ, ಆಸ್ಪತ್ರೆಗೆ ಹಾಕಬಹುದು ಎಂಬುದು ವಾದ.

ಸರಳವಾಗಿ ಭಾಗಿಸಿದರೆ ಏಳು ವರ್ಷಕ್ಕೆ ಹಾಕಿದ ದುಡ್ಡು ವಾಪಸ್. ಕೇಳಲು ಚೆನ್ನಾಗಿದೆ. ಆದರೆ ಇಲ್ಲಿ ಒಂದು ಕೊಂಡಿ ತಪ್ಪಿದೆ. ಸೀಸದ ಬ್ಯಾಟರಿಯ ಆಯಸ್ಸೂ ಹೆಚ್ಚುಕಡಿಮೆ ಆ ಕಾಲಕ್ಕೇ ಮುಗಿಯುತ್ತಾ ಬರುತ್ತದೆ. ಹಾಕಿದ ಬಂಡವಾಳ ಕೈಗೆ ಬಂತು ಅನ್ನುವಾಗ ಬ್ಯಾಟರಿ "ನನ್ನ ಸರದಿ" ಎಂದು ಎದುರು ನಿಲ್ಲುತ್ತದೆ. ಡೀಸೆಲ್‌ನಲ್ಲಿ ಖರ್ಚು ದಿನಾ ಸ್ವಲ್ಪ ಸ್ವಲ್ಪ. ಸೋಲಾರ್‌ನಲ್ಲಿ ವರ್ಷಗಟ್ಟಲೆ ಏನೂ ಇಲ್ಲ, ಆಮೇಲೆ ಒಮ್ಮೆಲೇ ದೊಡ್ಡ ಗಂಟು. ದುಡ್ಡನ್ನು ವರ್ಷವರ್ಷ ತೆಗೆದಿಡುವ ಶಿಸ್ತು ಇಲ್ಲದ ಕಡೆ ಸೋಲಾರ್ ಯೋಜನೆ ಸೋಲುವುದು ಇಲ್ಲೇ. ದಾನಿಗಳಿಗೂ ಹೊಸ ಹಲಗೆಯ ಮುಂದೆ ರಿಬ್ಬನ್ ಕತ್ತರಿಸುವುದು ಇಷ್ಟ, ಹಳೆ ಬ್ಯಾಟರಿ ಬದಲಿಸಲು ದುಡ್ಡು ಕೇಳಿದರೆ ಫೋನ್ ಎತ್ತುವುದಿಲ್ಲ. ಇದು ಟೊಕೆಲಾವ್‌ಗೆ ಮಾತ್ರ ಹೇಳುವ ಮಾತಲ್ಲ.

"100ಕ್ಕೆ 100 ಸೋಲಾರ್" ಅನ್ನೋದು ನಿಜಾನಾ?

ಹೇಗೆ ಅಳೆಯುತ್ತೀರಿ ಎನ್ನುವುದರ ಮೇಲಿದೆ.

2012ರ ಕೊನೆಯಲ್ಲಿ, ಕರೆಂಟಿನ ಮಟ್ಟಿಗೆ, ಬಿಸಿಲಿರುವ ದಿನಗಳಲ್ಲಿ ನಿಜ. ಆಗಿನ ಬಳಕೆಯ ಒಂದೂವರೆ ಪಟ್ಟು ಉತ್ಪಾದಿಸಬಲ್ಲುದು ಎಂದು ಕಟ್ಟಿದವರು ಹೇಳಿದ್ದರು. ಆದರೆ 24 ತಾಸು ಕರೆಂಟ್ ಬಂದ ಮೇಲೆ ಜನ ಏನು ಮಾಡುತ್ತಾರೆ? ನಾವಾದರೂ ಏನು ಮಾಡುತ್ತೇವೋ ಅದನ್ನೇ. ಫ್ರೀಜರ್ ತರುತ್ತಾರೆ. ಮೀನು ಹಿಡಿದು ಬದುಕುವ, ಅಂಗಡಿಗೆ ಸಾಮಾನು ಹಡಗಿನಲ್ಲೇ ಬರಬೇಕಾದ ಊರಿನಲ್ಲಿ ಫ್ರೀಜರ್ ಶೋಕಿ ಅಲ್ಲ, ಉಗ್ರಾಣ. ಆಮೇಲೆ ವಾಷಿಂಗ್ ಮಷಿನ್, ಎಸಿ. ನ್ಯೂಜಿಲೆಂಡಿನಲ್ಲಿರುವ ನೆಂಟರು ಹಡಗಿನಲ್ಲಿ ಕಳಿಸುತ್ತಲೇ ಇರುತ್ತಾರೆ. 2018ರ ಗಣತಿಯಲ್ಲಿ ನ್ಯೂಜಿಲೆಂಡಿನಲ್ಲಿದ್ದ ಟೊಕೆಲಾವ್ ಮೂಲದವರು 8,000ಕ್ಕೂ ಜಾಸ್ತಿ. ಅಂದರೆ ಊರಿನಲ್ಲಿರುವವರ ಐದು ಪಟ್ಟು.

ಬಳಕೆ ಏರಿತು, ಹಲಗೆ ಅಷ್ಟೇ ಉಳಿಯಿತು. ಜನರೇಟರ್ ಓಡುವ ತಾಸುಗಳು ಹೆಚ್ಚಾದವು. ಮುಂದೆ ಹೊಸ ಹಲಗೆ, ಲಿಥಿಯಂ ಬ್ಯಾಟರಿ ಸೇರಿಸುವ ಎರಡನೇ ಸುತ್ತಿನ ಕೆಲಸ ಬೇಕಾಯಿತು. ಕೆಲವರು ಇದನ್ನು ಸೋಲು ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ, ಜನ ಕರೆಂಟ್ ಬಳಸಲು ಶುರು ಮಾಡಿದ್ದು ಯೋಜನೆಯ ಗೆಲುವು. ಸೋತದ್ದು "ಒಂದು ಸಲ ಹಾಕಿದರೆ ಮುಗಿಯಿತು" ಎಂಬ ನಂಬಿಕೆ. ಬಳಕೆ ಬೆಳೆಯುತ್ತದೆ ಎಂದು ಮೊದಲೇ ಗೊತ್ತಿದ್ದು, ಮೂರು ನಾಲ್ಕು ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಸೇರಿಸುವಂತೆ ಹಣ ಕಟ್ಟಿಡಬೇಕಿತ್ತು.

ಇನ್ನೊಂದು ಮಾತು. ಈ ನೂರು ಭಾಗದ ಲೆಕ್ಕ ಬರೀ ಕರೆಂಟಿನದ್ದು. ಮೀನಿಗೆ ಹೋಗುವ ದೋಣಿ ಪೆಟ್ರೋಲಿನಲ್ಲಿ ಓಡುತ್ತದೆ. ಸಮೋವಾಕ್ಕೆ ಹೋಗಿಬರುವ ಹಡಗು ಡೀಸೆಲ್ಲಿನಲ್ಲಿ. ಅಡುಗೆಗೆ ಗ್ಯಾಸ್, ಸೀಮೆಎಣ್ಣೆ. ಇವು ಯಾವುವೂ ಸೋಲಾರ್ ಹಲಗೆಯ ಲೆಕ್ಕದಲ್ಲಿ ಇಲ್ಲ. ದ್ವೀಪದ ನಾಡಿಗೆ ಎಣ್ಣೆ ಬಿಡುವುದು ಎಂದರೆ ಕೊನೆಗೆ ದೋಣಿ, ಹಡಗಿನ ಪ್ರಶ್ನೆಯೇ.

ಬ್ಯಾಟರಿ ಎಷ್ಟು ವರ್ಷ ಬರುತ್ತದೆ? ಹಳೆಯದನ್ನು ಏನು ಮಾಡುತ್ತಾರೆ?

ಸೀಸದ ಬ್ಯಾಟರಿಗೆ ಸೆಕೆ ಆಗಿಬರುವುದಿಲ್ಲ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನವರ ಹಳೆಯ ಲೆಕ್ಕ. ಅದಕ್ಕೆ ಬ್ಯಾಟರಿ ಕೋಣೆಯಲ್ಲಿ ಗಾಳಿ ಆಡಬೇಕು, ನೆರಳಿರಬೇಕು. ಪ್ರತಿ ದಿನ ಎಷ್ಟು ಆಳಕ್ಕೆ ಖಾಲಿ ಮಾಡುತ್ತೀರಿ ಎಂಬುದೂ ಮುಖ್ಯ. ಬಳಕೆ ಏರಿದಾಗ ಮೊದಲು ಪೆಟ್ಟು ತಿಂದದ್ದು ಬ್ಯಾಟರಿಯೇ.

ಹಳೆ ಬ್ಯಾಟರಿಯನ್ನು ಅಲ್ಲೇ ಹೂಳುವ ಮಾತೇ ಇಲ್ಲ. ಕೆಳಗೆ ತೆಳುವಾದ ಸಿಹಿನೀರಿನ ಪದರ, ಅದರ ಪಕ್ಕದಲ್ಲೇ ಮೀನಿನ ನೀರು. ಸೀಸ ಸೇರಿದರೆ ಕಥೆ ಮುಗಿಯಿತು. ಹೊರದೇಶಕ್ಕೆ ಕಳಿಸಬೇಕು. ಸೀಸವನ್ನು ಕರಗಿಸಿ ಮತ್ತೆ ಬಳಸಬಹುದು, ಬೆಲೆಯೂ ಸಿಗುತ್ತದೆ. ಆದರೆ ಬಂದ ಕಷ್ಟವೇ ವಾಪಸ್ ಹೋಗುವಾಗಲೂ: ದೋಣಿ, ಕಾಲುವೆ, ಹಡಗು. ಹೊಸ ಬ್ಯಾಟರಿಯ ಬೆಲೆ ಕೇಳುವಾಗ ಹಳೆಯದನ್ನು ಒಯ್ಯುವ ಬಾಡಿಗೆಯನ್ನೂ ಸೇರಿಸಿ ಕೇಳಬೇಕು. ಲಿಥಿಯಂ ಹಗುರ, ಹೆಚ್ಚು ವರ್ಷ ಬಾಳುತ್ತದೆ. ಹಡಗಿನ ಖರ್ಚೇ ಮುಖ್ಯವಾದ ಜಾಗದಲ್ಲಿ ಈ ಹಗುರತನವೇ ದೊಡ್ಡ ಲಾಭ.

ಉಪ್ಪು, ಚಂಡಮಾರುತ, ತೆಂಗಿನಕಾಯಿ – ಇವುಗಳಿಂದ ಹಲಗೆ ಹಾಳಾಗುವುದಿಲ್ಲವಾ?

ಹಲಗೆಯ ಗಾಜಿಗೆ ಉಪ್ಪಿನಿಂದ ಅಷ್ಟೇನೂ ತೊಂದರೆಯಿಲ್ಲ, ಮಳೆಯೇ ತೊಳೆಯುತ್ತದೆ. ಉಪ್ಪು ಕಚ್ಚುವುದು ಬೋಲ್ಟು, ಕೀಲು, ತಂತಿಯ ತುದಿಗಳನ್ನು. ಕರಾವಳಿಯವರಿಗೆ ಇದು ಹೊಸದಲ್ಲ. ಮಂಗಳೂರಿನಲ್ಲಿ ಕಬ್ಬಿಣದ ಗೇಟಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯುವುದು ಸುಮ್ನೆ ಅಲ್ಲ. ತಂತಿ ಕೂಡಿಸುವಲ್ಲಿ ತುಕ್ಕು ಬಂದರೆ ಬಿಸಿಯಾಗಿ ಸುಡುತ್ತದೆ. ತಿಂಗಳಿಗೊಮ್ಮೆ ಒಬ್ಬರು ಹೋಗಿ ಕೈಯಾರೆ ನೋಡುವುದಕ್ಕೆ ಬದಲಿ ಇಲ್ಲ.

ಚಂಡಮಾರುತದ ಗಾಳಿ ತಡೆಯುವಂತೆಯೇ ಚೌಕಟ್ಟುಗಳನ್ನು ಕಟ್ಟಿದ್ದಾರೆ. 2005ರ ಫೆಬ್ರವರಿಯಲ್ಲಿ ಪರ್ಸಿ ಚಂಡಮಾರುತ ಬಂದು ಅಲೆಗಳು ಊರೊಳಗೇ ನುಗ್ಗಿದ್ದನ್ನು ಅಲ್ಲಿಯವರು ಕಂಡಿದ್ದಾರೆ. ತೆಂಗಿನ ವಿಷಯದಲ್ಲಿ ಕಾಯಿ ಬೀಳುವುದಕ್ಕಿಂತ ನೆರಳಿನದ್ದೇ ಚಿಂತೆ. ಒಂದು ಗರಿಯ ನೆರಳು ಒಂದು ಹಲಗೆಯ ಮೇಲೆ ಬಿದ್ದರೆ, ಅದರ ಜೊತೆ ಸಾಲಾಗಿ ಕೂಡಿಸಿದ ಹಲಗೆಗಳೆಲ್ಲ ಸೊರಗುತ್ತವೆ.

ಸಾವಿರದೈನೂರು ಜನ ಡೀಸೆಲ್ ಬಿಟ್ಟರೆ ಜಗತ್ತಿನ ಬಿಸಿ ಇಳಿಯುತ್ತದಾ?

ಇಳಿಯುವುದಿಲ್ಲ. ವರ್ಷಕ್ಕೆ ಎರಡು ಲಕ್ಷ ಲೀಟರ್ ಡೀಸೆಲ್ ಎಂದರೆ ಅಂದಾಜು 550 ಟನ್ ಇಂಗಾಲದ ಡೈಆಕ್ಸೈಡ್. ಜಗತ್ತಿನ ಲೆಕ್ಕದಲ್ಲಿ ಅದು ಕಣ್ಣಿಗೂ ಕಾಣದು. ಸಮುದ್ರ ಏರಿದರೆ ಮೊದಲು ಮುಳುಗುವ ನೆಲ ಅವರದ್ದು, ಏರಿಸಿದವರು ಬೇರೆ. ಸಮ್ಮೇಳನಗಳಲ್ಲಿ ಎದ್ದು ನಿಂತು "ನಾವು ಮಾಡಿದ್ದೇವೆ, ನೀವು?" ಎಂದು ಕೇಳುವ ಬಾಯಿ ಬಂತು, ಅದು ನಿಜ. ಆದರೂ ಊರಿನವರಿಗೆ ಇದರಲ್ಲಿ ಸಿಕ್ಕಿದ್ದು ಮೊದಲು ರಾತ್ರಿಯ ಕರೆಂಟ್, ಆಮೇಲೆ ಉಳಿದ ಡೀಸೆಲ್ ದುಡ್ಡು. ಹವಾಮಾನದ ಮಾತು ಮೂರನೆಯದು ಎಂದು ನನ್ನ ಅಂದಾಜು.

ಬೇರೆ ದ್ವೀಪಗಳೂ ಹೀಗೆ ಮಾಡಿವೆಯಾ?

ಹೌದು, ಬಹಳ. ಕುಕ್ ದ್ವೀಪಗಳ ಉತ್ತರ ಗುಂಪಿನ ಹವಳ ದ್ವೀಪಗಳು 2015ರ ಹೊತ್ತಿಗೆ ಸೋಲಾರ್‌ಗೆ ಬಂದವು. ಅಮೆರಿಕನ್ ಸಮೋವಾದ ತಾಊ ದ್ವೀಪದಲ್ಲಿ 2016ರಲ್ಲಿ 1.4 ಮೆಗಾವ್ಯಾಟ್ ಹಲಗೆ, ಟೆಸ್ಲಾದ 60 ದೊಡ್ಡ ಲಿಥಿಯಂ ಬ್ಯಾಟರಿ ಹಾಕಿದರು. ಒಟ್ಟು ಸಂಗ್ರಹ 6,000 ಯೂನಿಟ್. ಬಿಸಿಲೇ ಇಲ್ಲದಿದ್ದರೂ ಮೂರು ದಿನ ತಳ್ಳಬಹುದು ಎಂಬ ಲೆಕ್ಕ. ಸುಮಾರು 600 ಜನರಿಗೆ ಟೊಕೆಲಾವ್‌ನ ಒಟ್ಟು ಹಲಗೆಗಿಂತ ಜಾಸ್ತಿ! ನಾಲ್ಕೇ ವರ್ಷದಲ್ಲಿ ಬೆಲೆ, ತಂತ್ರ ಎರಡೂ ಎಷ್ಟು ಬದಲಾದವು ನೋಡಿ. ಮೊದಲು ಹೋದವರು ಸೀಸ ಹೊತ್ತರು, ಹಿಂದೆ ಬಂದವರು ಲಿಥಿಯಂ ತಂದರು.

ನಮ್ಮ ಲಕ್ಷದ್ವೀಪದ ಕಥೆ ಏನು?

ಹೋಲಿಕೆ ಸರಿಯಾಗಿಯೇ ಇದೆ. ಅಲ್ಲೂ ಹವಳದ ದ್ವೀಪಗಳೇ, ಅಲ್ಲೂ ದ್ವೀಪಕ್ಕೊಂದು ಡೀಸೆಲ್ ಜನರೇಟರ್. ಮಂಗಳೂರಿನ ಹಳೇ ಬಂದರಿನಲ್ಲಿ ನಿಂತರೆ ಅಲ್ಲಿಗೆ ಸಿಮೆಂಟು, ಜಲ್ಲಿ, ತರಕಾರಿ ತುಂಬಿಕೊಂಡು ಹೊರಡುವ ಹಡಗುಗಳು ಕಾಣುತ್ತವೆ. 2024ರ ಜನವರಿಯಲ್ಲಿ ಕವರತ್ತಿಯಲ್ಲಿ ಬ್ಯಾಟರಿ ಸಹಿತ ಸೋಲಾರ್ ಸ್ಥಾವರದ ಉದ್ಘಾಟನೆ ಆಯಿತು. ಆದರೆ ಜನ ಬೇರೆ ಲೆಕ್ಕ. 2011ರ ಗಣತಿಯಲ್ಲೇ 64,473 ಮಂದಿ, ನೆಲ ಬರೀ 32 ಚದರ ಕಿ.ಮೀ. ಟೊಕೆಲಾವ್‌ನಲ್ಲಿ ಹಲಗೆಗೆ ಜಾಗ ಹುಡುಕುವುದು ಅಷ್ಟು ಕಷ್ಟವಾಗಲಿಲ್ಲ. ಲಕ್ಷದ್ವೀಪದಲ್ಲಿ ಮನೆ, ತೆಂಗಿನ ತೋಟ, ಹಲಗೆ ಮೂರಕ್ಕೂ ಅದೇ ನೆಲ ಬೇಕು. ಹಾಗಾಗಿ ಅಲ್ಲಿ ಮನೆಯ ಮಾಳಿಗೆಯಿಂದ ಶುರು ಮಾಡುವುದೇ ಸರಿ ಎಂದು ನನಗನ್ನಿಸುತ್ತದೆ.

ಟೊಕೆಲಾವ್‌ಗೆ ಹೋಗಿ ನೋಡಿಬರಬಹುದಾ?

ಹೋಗಬಹುದು, ಮನಸ್ಸು ಮಾಡಿದರೆ. ಅಪಿಯಾದಲ್ಲಿರುವ ಟೊಕೆಲಾವ್ ಕಚೇರಿಯಲ್ಲಿ ಮೊದಲೇ ಅನುಮತಿ ಪಡೆಯಬೇಕು, ಉಳಿಯಲು ಜಾಗ ಗೊತ್ತು ಮಾಡಿಕೊಂಡಿರಬೇಕು. ಹಡಗಿನಲ್ಲಿ ಊರಿನವರಿಗೆ ಮೊದಲ ಆದ್ಯತೆ, ಆಸ್ಪತ್ರೆಗೆ ಹೋಗಿ ಬರುವವರಿದ್ದರೆ ನಿಮ್ಮ ಸೀಟು ಮುಂದಿನ ಸಲಕ್ಕೆ ಹೋಗಬಹುದು. ಹೋದ ಹಡಗಿನಲ್ಲೇ ಮರುದಿನ ಬರುತ್ತೇನೆ ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ. ರಜೆ ಹಾಕುವಾಗ ಹವೆ ಕೆಟ್ಟರೆ ಬೇಕಾಗುವ ದಿನಗಳನ್ನೂ ಸೇರಿಸಿ ಹಾಕಿ.